ಶನಿವಾರದ ದಾರಿಗೆ ಬೆಳಕು

ಫೋಟೋಗಳಿಗೆ ಚೌಕಟ್ಟು ಹಾಕುವುದು ಅವನ ಕಸುಬು. ಹಾಗಾಗಿ ಪೇಟೆಯವರ ಬಾಯಲ್ಲಿ ಅವನ ಹೆಸರೇ ಚೌಕಟ್ಟು ಎಂದಾಗಿಬಿಟ್ಟಿತ್ತು. ಅಪ್ಪ ಇಟ್ಟ ಹೆಸರಿನಿಂದ ಯಾರಾದರೂ ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವನು ಸುಮ್ಮನಿರುತ್ತಿದ್ದ. ಮದುವೆಯಾದವರು, ಪದವಿ ಪಡೆದವರು, ತೀರಿಕೊಂಡವರು, ಎಲ್ಲರೂ ಒಂದಲ್ಲ ಒಂದು ದಿನ ಅವನ ಮೇಜಿನ ಮೇಲೆ ಅಂಗಾತ ಮಲಗಿ, ಗಾಜು ಹೊದ್ದುಕೊಂಡು ಗೋಡೆ ಸೇರುತ್ತಿದ್ದರು. ಗಾಜು ಕೊಯ್ಯುವುದರಲ್ಲಿ ಅವನದು ಎತ್ತಿದ ಕೈ. ಮೇಜಿನ ನೆತ್ತಿಯ ಮೇಲೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಅವುಗಳ ಕೆಳಗೆ ಅವನ ಕಣ್ಣಿಗೆ ಕೂದಲೆಳೆಯಷ್ಟು ಗೆರೆಯೂ ತಪ್ಪುತ್ತಿರಲಿಲ್ಲ.

ಹೆಂಡತಿ ಬೆಟ್ಟದಾಚೆಯ ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಸ್ವಂತ ಮಕ್ಕಳಿಲ್ಲದ ಅವಳಿಗೆ ಅಲ್ಲಿ ಒಂದು ಕಟ್ಟಡ ತುಂಬ ಮಕ್ಕಳು. ರಾತ್ರಿ ಅವರನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಂಗಡಿ ಬಿಟ್ಟು ಹೋಗಲು ಅವನಿಗೆ ಆಗುತ್ತಿರಲಿಲ್ಲ. ಹೀಗಾಗಿ ಇಬ್ಬರ ಸಂಸಾರ ವಾರಕ್ಕೊಮ್ಮೆ, ಹಾಸ್ಟೆಲಿನ ಹಿಂದಿದ್ದ ಎರಡು ಕೋಣೆಯ ಮನೆಯಲ್ಲಿ ನಡೆಯುತ್ತಿತ್ತು. ಶನಿವಾರ ಸಂಜೆ ಅವನು ಬಾಗಿಲು ಎಳೆದು, ಮುಖ ತೊಳೆದು, ತಲೆ ಬಾಚಿ, ಬೈಕು ಹತ್ತುತ್ತಿದ್ದ. ಬೆಟ್ಟದ ಬುಡ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿಂದ ಮೇಲಕ್ಕೆ ದಾರಿಯುದ್ದಕ್ಕೂ ಮರ, ತಿರುವು, ತಣ್ಣನೆ ಗಾಳಿ. ಆ ದಾರಿಯಲ್ಲಿ ಅವನು ವಯಸ್ಸು ಮರೆಯುತ್ತಿದ್ದ. ಈ ವಾರ ಅವಳಿಗೆ ಹೇಳಬೇಕಾದ ಮಾತನ್ನೆಲ್ಲ ಹೆಲ್ಮೆಟಿನೊಳಗೇ ಒಮ್ಮೆ ಗಟ್ಟಿಯಾಗಿ ಆಡಿ ನೋಡುತ್ತಿದ್ದ. ಅವಳೆದುರು ನಿಂತಾಗ ಅರ್ಧ ಮರೆತುಹೋಗುತ್ತಿತ್ತು, ಆ ಮಾತು ಬೇರೆ.

ಆ ದಾರಿ ಕತ್ತಲಾಗುತ್ತಿದೆ ಎಂದು ಅವನಿಗೆ ಮೊದಲು ಅನಿಸಿದ್ದು ಚಳಿಗಾಲ ಶುರುವಾದಾಗ.

ಸೋಮವಾರ ಬೆಳಿಗ್ಗೆ ಬೈಕನ್ನು ತಳ್ಳಿಕೊಂಡು ಎದುರು ಬೀದಿಯ ಗೆಳೆಯನ ಬಳಿ ಹೋದ. ಗಾಡಿಗಳ ವೈರಿಂಗ್ ಮಾಡುವ ಆ ಗೆಳೆಯನನ್ನು ಎಲ್ಲರೂ ಕರೆಂಟು ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಸಾಕು, ಮಾತು ಶಾಕ್ ಹೊಡೆದಂತೆ ಬರುತ್ತಿತ್ತು.

"ದಾರಿ ಕಾಣಿಸ್ತಿಲ್ಲ ಕಣೋ. ಬಲ್ಬ್ ಸತ್ತಿದೆ ಅನ್ಸುತ್ತೆ."

ಕರೆಂಟು ಕೀ ತಿರುಗಿಸಿ, ದೀಪದ ಮುಂದೆ ಅಂಗೈ ಹಿಡಿದು ನೋಡಿದ. "ಸತ್ತಿಲ್ಲ. ವಯಸ್ಸಾಗಿದೆ, ನಿನ್ನ ಹಾಗೆ. ಹೊಸದು ಹಾಕ್ತೀನಿ ತಾಳು."

ಹೆಡ್‌ಲೈಟಿನ ಹಿಂದಿನ ರಬ್ಬರ್ ಟೋಪಿ ಕಳಚಿ, ತಂತಿಯ ಕೊಕ್ಕೆ ಸರಿಸಿ, ಹಳೆಯ ಬಲ್ಬನ್ನು ಹೊರಗೆಳೆದ. ಅದರ ಗಾಜು ಒಲೆಯ ಮೇಲಿಟ್ಟಂತೆ ಕಪ್ಪಿಟ್ಟಿತ್ತು. ಹೊಸದನ್ನು ಬಟ್ಟೆಯಲ್ಲಿ ಹಿಡಿದೇ ಕೂರಿಸಿದ. "ಗಾಜಿಗೆ ಬೆರಳು ತಾಗಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಜಾಸ್ತಿ ಕಾದು ಸಿಡಿದುಹೋಗುತ್ತೆ. ಸೂಕ್ಷ್ಮ, ನಮ್ಮನೆಯವಳ ಹಾಗೆ."

ಆ ಶನಿವಾರ ದಾರಿ ನಿಜವಾಗಿಯೂ ಬೆಳಗಿದಂತೆ ಕಂಡಿತು. ಅಥವಾ ಬೆಳಗಲೇಬೇಕೆಂದು ಅವನಿಗೆ ಅಷ್ಟು ಆಸೆಯಿತ್ತು. ಮರುವಾರ ಹೋದಾಗ ಬೆಟ್ಟದ ಎರಡನೇ ತಿರುವಿನಲ್ಲಿ ಗಾಡಿ ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಅವನು ಕಾಲೂರಿ ನಿಂತು ಸುಧಾರಿಸಿಕೊಂಡ. ಬೆಳಕು ಬಿದ್ದಲ್ಲಿ ದಾರಿ ಇತ್ತು, ಅದರ ಅಕ್ಕಪಕ್ಕ ಏನೂ ಇರಲಿಲ್ಲ. ಚಿತ್ರದ ಸುತ್ತ ಅವನೇ ಹಾಕುವ ಕರಿಯ ರಟ್ಟಿನ ಹಾಗೆ, ಕತ್ತಲೆ ನಾಲ್ಕೂ ಕಡೆಯಿಂದ ಒಳಕ್ಕೆ ಸರಿದಿತ್ತು. ಎದುರಿನಿಂದ ಲಾರಿ ಬಂದರೆ ಮುಗಿಯಿತು. ಅದು ದಾಟಿಹೋದ ಮೇಲೂ ಎಷ್ಟೋ ಹೊತ್ತು ಕಣ್ಣಿನೊಳಗೆ ಬಿಳಿ ಮಾತ್ರ ಉಳಿಯುತ್ತಿತ್ತು. ಅವನು ಬಿಳಿ ಗೆರೆಯೊಂದನ್ನೇ ನಂಬಿ, ಎರಡನೇ ಗೇರಿನಲ್ಲಿ ತೆವಳುತ್ತ ಬೆಟ್ಟ ಹತ್ತಿ ಇಳಿದ.

ಹೆಂಡತಿ ಹಾಸ್ಟೆಲಿನ ಗೇಟಿನಲ್ಲಿ ಶಾಲು ಹೊದ್ದು ನಿಂತಿದ್ದಳು.

"ಇವತ್ತೂ ತಡ."

"ಗಿರಾಕಿ ಬಿಡಲಿಲ್ಲ ಕಣೇ. ಅಜ್ಜನ ಫೋಟೋ ಈಗಲೇ ಬೇಕು ಅಂತ ಕೂತುಬಿಟ್ಟ."

"ಅಜ್ಜ ಎಲ್ಲಿಗೆ ಓಡಿಹೋಗ್ತಿದ್ದರಂತೆ?" ಎಂದು ಅವಳು ನಕ್ಕಳು. ಅವನೂ ನಕ್ಕ. ಅವಳ ಕೈ ಮಂಜಿನಲ್ಲಿ ನಿಂತು ತಣ್ಣಗಾಗಿತ್ತು. ಮನೆಯ ಹೊಸ್ತಿಲಲ್ಲಿ ಅವನು ಹೂಕುಂಡಕ್ಕೆ ಕಾಲು ತಾಗಿಸಿಕೊಂಡ. "ನೋಡ್ಕೊಂಡು ಬರಬಾರದಾ?" ಎಂದಳು ಅವಳು. ಆ ಕುಂಡ ವರ್ಷಗಳಿಂದ ಅಲ್ಲೇ ಇತ್ತು.

ಆಮೇಲೆ ಅವನಿಗೆ ದೀಪದ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆಸಿ, ರಿಲೇ ಎಂಬ ಸ್ವಿಚ್ಚು ಹಾಕಿಸಿದ. ಹಳೆಯ ಸಣ್ಣ ತಂತಿಯಲ್ಲಿ ವಿದ್ಯುತ್ತು ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ ಎಂದು ಗೆಳೆಯ ಹೇಳಿದ್ದೇ ಸಾಕಾಗಿತ್ತು. ಹೆಡ್‌ಲೈಟಿನ ಕೆಳಗೆ ಹಗಲೂ ರಾತ್ರಿ ಉರಿಯುವ ಎರಡು ಪುಟ್ಟ ಪೈಲಟ್ ದೀಪಗಳಿದ್ದವು. ಅವು ಬೆಂಕಿಕಡ್ಡಿಯಷ್ಟೂ ಬೆಳಕು ಕೊಡುತ್ತಿರಲಿಲ್ಲ. ಅವುಗಳಿಗೂ ಬಿಳಿ ಎಲ್‌ಇಡಿ ಬಂತು. ಅದನ್ನು ನೋಡಿ ಹಾಸ್ಟೆಲಿನ ಹುಡುಗಿಯರು ಕಿಟಕಿಯಲ್ಲಿ ಕಿಸಕ್ಕೆಂದರು. "ನಮ್ಮ ಮೇಡಂ ಯಜಮಾನರು ಮದುವೆ ದಿಬ್ಬಣ ತಂದಿದ್ದಾರೆ!"

ಅವನು ಅವರಿಗೆ ಕೈ ಬೀಸಿದ. ಬೀಸಿದ್ದು ಕತ್ತಲೆಯ ಕಡೆಗೆ. ಯಾವ ಕಿಟಕಿ ಎಂದು ಅವನಿಗೆ ಕಂಡಿರಲಿಲ್ಲ.

ಒಂದು ಮಾತು ಅವನ ಎದೆಯ ತಳದಲ್ಲಿ ಕೂತಿತ್ತು. ಅವನ ಸೋದರಮಾವ ಗಟ್ಟಿ ಆಳು, ಮೂಟೆ ಹೊರುತ್ತಿದ್ದವನು. ಸಂಜೆ ದೀಪ ಹಚ್ಚುವ ಹೊತ್ತಾದರೆ ಅವನ ಗತ್ತೆಲ್ಲ ಕರಗಿ, ಗೋಡೆ ಸವರಿಕೊಂಡು ನಡೆಯುತ್ತಿದ್ದ. ಬೀದಿಗಿಳಿಯಬೇಕಾದರೆ ಯಾರದಾದರೂ ಭುಜ ಹಿಡಿಯುತ್ತಿದ್ದ. ಮಾವನಿಗೆ ಇರುಳುಗಣ್ಣು ಎಂದು ಅಮ್ಮ ದನಿ ತಗ್ಗಿಸಿ ಹೇಳುತ್ತಿದ್ದಳು. ಚೌಕಟ್ಟು ಆ ನೆನಪು ಬಂದಾಗಲೆಲ್ಲ ಬೇರೆ ಕೆಲಸ ಹುಡುಕುತ್ತಿದ್ದ. ಬಲ್ಬಿನದೇ ದೋಷ ಎಂದುಕೊಂಡರೆ ಅದಕ್ಕೆ ಅಂಗಡಿಯಲ್ಲಿ ಮದ್ದು ಸಿಗುತ್ತಿತ್ತು.

"ಇದೇ ಕೊನೆ," ಎಂದು ಕರೆಂಟು ಒಂದು ಡಬ್ಬಿ ತೆರೆದ. ಒಳಗಿದ್ದ ಎಲ್‌ಇಡಿ ಬಲ್ಬಿಗೆ ಬೆನ್ನಲ್ಲೊಂದು ಪುಟಾಣಿ ಫ್ಯಾನ್. "ಬಲ್ಬಿಗೇ ಗಾಳಿ ಹಾಕೋ ಕಾಲ ಬಂತು ನೋಡು. ಇದರ ಮುಂದೆ ಸೂರ್ಯನೂ ಡಿಪ್ ಹೊಡೀಬೇಕು."

ಬೈಕನ್ನು ಖಾಲಿ ಗೋಡೆಯೊಂದರ ಮುಂದೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ ಸ್ಕ್ರೂ ತಿರುಗಿಸಿದರು. ಚೌಕಟ್ಟು ಮತ್ತೆ ಮತ್ತೆ ಹೇಳಿದ: "ಇನ್ನೂ ಮೇಲಕ್ಕೆ. ಇನ್ನೂ ಸ್ವಲ್ಪ."

"ಇಷ್ಟು ಎತ್ತಿದರೆ ಎದುರಿನವನ ಕಣ್ಣಿಗೇ ಹೊಡೆಯುತ್ತೆ ಮಾರಾಯ."

"ನನಗೆ ಕಾಣಬೇಕಲ್ಲ."

ಕರೆಂಟು ಅವನ ಮುಖ ನೋಡಿದ. "ಸರಿ. ನಡಿ, ಬೆಟ್ಟದ ಬುಡದವರೆಗೆ ಹೋಗಿ ಬರೋಣ. ನಾನೂ ಹಿಂದೆ ಕೂರ್ತೀನಿ. ನನ್ನ ಕೆಲಸದ ಮೇಲೆ ನನಗೇ ಅನುಮಾನ ಶುರುವಾಗಿದೆ."

ಇಬ್ಬರೂ ಹೊರಟರು. ಆಕಾಶದಲ್ಲಿ ಇನ್ನೂ ಚೂರು ಕೆಂಪಿತ್ತು. ಪೇಟೆ ಹಿಂದೆ ಬಿದ್ದಂತೆ ಹೊಸ ದೀಪ ದಾರಿಯ ಮೇಲೆ ಹಾಲು ಸುರಿದಂತೆ ಹರಡಿತು. "ನೋಡೋ ನೋಡೋ, ಇರುವೆ ಹರಿದರೂ ಕಾಣುತ್ತೆ!" ಎಂದು ಕರೆಂಟು ಕಿವಿಯಲ್ಲಿ ಕೂಗುತ್ತಿದ್ದ. ಹೌದು, ಕಾಣುತ್ತಿತ್ತು. ನಡುವೆ ಬೆಳ್ಳಗಿನ ಒಂದು ವೃತ್ತ, ಅದರೊಳಗೆ ದಾರಿಯ ಒಂದೊಂದು ಜಲ್ಲಿಕಲ್ಲೂ ಸ್ಪಷ್ಟ. ಚೌಕಟ್ಟಿನ ಎದೆ ಹಗುರವಾಯಿತು. ಗೇರು ಏರಿಸಿದ.

"ಹಿಡಿ! ಬ್ರೇಕ್ ಹಿಡಿಯೋ!"

ಕರೆಂಟಿನ ಕೈ ಅವನ ಭುಜವನ್ನು ಬಲಕ್ಕೆ ಎಳೆಯಿತು. ಬೈಕು ವಾಲಿ, ಕಿರುಗುಟ್ಟಿ, ದಾರಿಯ ನಡುವೆ ಅಡ್ಡವಾಗಿ ನಿಂತಿತು. ಎಡಗಡೆಯಿಂದ ಯಾರೋ ಏದುಸಿರಿನಲ್ಲಿ ಬಯ್ಯುವುದು ಕೇಳಿಸಿತು. ಚೌಕಟ್ಟು ತಲೆಯನ್ನು ಪೂರ್ತಿ ತಿರುಗಿಸಿದ ಮೇಲೆಯೇ ಅವನ ಕಣ್ಣಿಗೆ ಬಿದ್ದದ್ದು: ಸೈಕಲ್ಲಿನ ಮೇಲೆ ಸೌದೆ ಹೇರಿಕೊಂಡು ತಳ್ಳುತ್ತ ಬರುತ್ತಿದ್ದ ಒಬ್ಬ ಮುದುಕ, ಕೈಗೆಟುಕುವಷ್ಟು ಹತ್ತಿರ.

"ಕಣ್ಣೇನು ಮನೇಲಿಟ್ಟು ಬಂದಿದೀಯೇನಯ್ಯ?"

ಕರೆಂಟು ಇಳಿದು ಮುದುಕನ ಕೈ ಹಿಡಿದು ಸಮಾಧಾನ ಮಾಡಿದ, ಬಿದ್ದ ಸೌದೆ ಎತ್ತಿ ಕಟ್ಟಿಕೊಟ್ಟ. ಚೌಕಟ್ಟು ಹ್ಯಾಂಡಲ್ ಹಿಡಿದು ಹಾಗೇ ಕೂತಿದ್ದ. ಮುದುಕ ಹೋದ ಮೇಲೆ ಗೆಳೆಯ ಹತ್ತಿರ ಬಂದು ನಿಂತ. ಈ ಸಲ ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

"ನಾನು ಅಷ್ಟು ದೂರದಿಂದ ನೋಡಿದೆ. ನಿನಗೆ ಕಾಣಲೇ ಇಲ್ವಾ?"

"ಇಲ್ಲ."

"ಬಲ್ಬಲ್ಲ ಕಣೋ ಇದು."

"ಗೊತ್ತು," ಎಂದ ಚೌಕಟ್ಟು. ಹಾಗೆ ಹೇಳಿದ ಮೇಲೆಯೇ, ಎಷ್ಟು ದಿನದಿಂದ ಗೊತ್ತಿತ್ತು ಎಂಬುದು ಅವನಿಗೆ ತಿಳಿದದ್ದು. ಮಾವನ ಕತೆ ಹೇಳಿದ. ಕರೆಂಟು ಕೇಳಿಸಿಕೊಂಡು, "ಹಿಂದೆ ಸರಿ," ಎಂದಷ್ಟೇ ಹೇಳಿ ತಾನು ಹ್ಯಾಂಡಲ್ ಹಿಡಿದ. ಅಷ್ಟು ವರ್ಷಗಳಲ್ಲಿ ಚೌಕಟ್ಟು ತನ್ನ ಬೈಕಿನ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕಾಲು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಕಣ್ಣಿನ ಡಾಕ್ಟರು ಸಮಾಧಾನದ ಹೆಂಗಸು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಚುಕ್ಕಿಗಳನ್ನು ತೋರಿಸಿ, ಕಂಡಾಗ ಗುಂಡಿ ಒತ್ತಲು ಹೇಳಿದರು. ಅವನು ಒತ್ತಿದ್ದಕ್ಕಿಂತ ಸುಮ್ಮನೆ ಕಾದದ್ದೇ ಹೆಚ್ಚು.

"ನಡುವಿನ ನೋಟ ಚೆನ್ನಾಗಿದೆ. ನಿಮ್ಮ ಕೆಲಸಕ್ಕೆ ಇನ್ನೂ ಬಹಳ ಕಾಲ ತೊಂದರೆ ಇಲ್ಲ. ಆದರೆ ಅಂಚು ಹೋಗ್ತಾ ಇದೆ. ಕತ್ತಲಲ್ಲಿ ಪೂರ್ತಿ ಹೋಗಿದೆ. ಇದು ಕುಟುಂಬದಲ್ಲಿ ಬರುವಂಥದ್ದು, ನೀವು ಮಾಡಿಕೊಂಡದ್ದಲ್ಲ."

"ಗಾಡಿ?"

"ಇನ್ನು ಮುಟ್ಟಬೇಡಿ."

"ಹಗಲಲ್ಲಿ?"

ಡಾಕ್ಟರು ಅವನನ್ನು ನೋಡಿದರು. "ಪಕ್ಕದಿಂದ ಒಂದು ಮಗು ಓಡಿಬಂದರೆ ನಿಮಗೆ ಕಾಣಲ್ಲ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಆ ಶನಿವಾರ ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿ ಜ್ವರ ಎಂದ. ಮುಂದಿನ ಶನಿವಾರ ಜ್ವರ ಬಿಟ್ಟಿತ್ತು, ಕೆಮ್ಮು ಬಂದಿತ್ತು. ಬಸ್ಸಿತ್ತು, ನಿಜ. ಆದರೆ ಬೆಟ್ಟದ ಆಚೆಗೆ ಹೋಗುವ ಕಡೆಯ ಬಸ್ಸು ಅಂಗಡಿಯಲ್ಲಿ ಜನ ಸೇರುವ ಹೊತ್ತಿಗೇ ಬಿಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬಸ್ಸಿನಲ್ಲಿ ಇಳಿದರೆ ಅವಳು ಯಾಕೆ ಎಂದು ಕೇಳುತ್ತಾಳೆ. ಕೇಳಿದರೆ ಹೇಳಬೇಕು. ಅವಳ ಮುಖದಲ್ಲಿ ತಾನು ಭುಜ ಹಿಡಿದು ನಡೆಸಬೇಕಾದವನಾಗಿ ಕಾಣುವುದನ್ನು ಅವನು ಒಂದು ವಾರ, ಇನ್ನೊಂದು ವಾರ ಮುಂದೂಡುತ್ತಿದ್ದ.

ಶನಿವಾರದ ಸಂಜೆಗಳು ಉದ್ದವಾದವು. ಬಾಗಿಲು ಎಳೆದು, ಅಭ್ಯಾಸಬಲದಿಂದ ಮುಖ ತೊಳೆದು, ತಲೆ ಬಾಚುತ್ತಿದ್ದ. ಆಮೇಲೆ ಹೋಗಲು ಎಲ್ಲೂ ಇರಲಿಲ್ಲ. ಅಂಗಡಿಯ ಹಿಂದಿನ ಅಂಗಳದಲ್ಲಿ ಬೈಕು ನಿಂತಿತ್ತು. ಅದರ ಸೀಟಿನ ಮೇಲೆ ಕೂತು, ಕೀ ತಿರುಗಿಸಿ, ದೀಪ ಹೊತ್ತಿಸಿ ಎದುರಿನ ಗೋಡೆ ನೋಡುತ್ತಿದ್ದ. ಈಗ ಬೆಟ್ಟದ ಬುಡ ಬಂದಿರುತ್ತಿತ್ತು, ಈಗ ಗಾಳಿ ತಣ್ಣಗಾಗಿರುತ್ತಿತ್ತು, ಈಗ ಕೆಳಗೆ ಅವಳ ಊರಿನ ದೀಪಗಳು ಕಂಡಿರುತ್ತಿದ್ದವು ಎಂದು ಮನಸ್ಸು ತಾನಾಗಿ ಹೋಗುತ್ತಿತ್ತು. ಅವಳು ಬೇಕೆನಿಸುತ್ತಿತ್ತು. ಅವಳಷ್ಟೇ ಆ ದಾರಿಯೂ ಬೇಕೆನಿಸುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಮೂರನೇ ವಾರ ಯಾವ ಕಾಯಿಲೆ ಹೇಳುವುದೆಂದು ಯೋಚಿಸುವ ಮೊದಲೇ, ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಅವಳೇ ಬಂದಿಳಿದಳು. ಬಾಗಿಲು ತೆರೆದವನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಕೆಮ್ಮಿ ನೋಡೋಣ."

ಅವನು ಬಾಗಿಲಿನಿಂದ ಸರಿದು ಮೇಜಿನ ಕಡೆ ನಡೆದ.

"ಬೇರೆ ಯಾರಾದರೂ ಸಿಕ್ಕಿದ್ದರೆ ಹೇಳಿಬಿಡಿ. ನಾನೂ ಒಂದು ಫೋಟೋ ಕೊಟ್ಟು ಹೋಗ್ತೀನಿ, ಚೌಕಟ್ಟು ಹಾಕಿ ಗೋಡೆಗೆ ತಗುಲಿಹಾಕಿ." ತಮಾಷೆಯಾಗಿ ಶುರುಮಾಡಿದ ಮಾತು ಕೊನೆಗೆ ಬರುವಾಗ ತಮಾಷೆಯಾಗಿ ಉಳಿದಿರಲಿಲ್ಲ.

ಅವನು ಎಲ್ಲ ಹೇಳಿದ. ಬಲ್ಬುಗಳು, ಮುದುಕ, ಡಾಕ್ಟರು, ಮಾವ. ಹೇಳುವಾಗ ಮೇಜಿನ ಮೇಲಿದ್ದ ಗಾಜಿನ ತುಂಡೊಂದನ್ನು ಒರೆಸುತ್ತಲೇ ಇದ್ದ. ಅವಳು ಅದನ್ನು ಕಿತ್ತು ಪಕ್ಕಕ್ಕಿಟ್ಟಳು.

"ಇಷ್ಟು ತಿಂಗಳು ಕುರುಡಾಗಿ ಆ ಬೆಟ್ಟ ಇಳಿದು ಬಂದ್ರಾ? ನನ್ನ ಹತ್ತಿರ?"

"ಇಲ್ಲ ಅಂದಿದ್ದರೆ ವಾರ ಪೂರ್ತಿ..."

"ಬಾಯಿ ಮುಚ್ಚಿ. ಎಲ್ಲೋ ಕಣಿವೆಗೆ ಬಿದ್ದಿದ್ದರೆ ನಾನು ಗೇಟಿನಲ್ಲಿ ನಿಂತೇ ಇರ್ತಿದ್ದೆ, ಗಿರಾಕಿ ಬಿಡಲಿಲ್ಲವೇನೋ ಅಂತ!" ಅವಳು ಅವನ ಎದೆಗೆ ಒಂದು ಗುದ್ದು ಹಾಕಿದಳು. ಆಮೇಲೆ ಅಲ್ಲಿಯೇ ತಲೆಯಿಟ್ಟು ಅತ್ತಳು. ಅವನು ಅವಳ ಬೆನ್ನು ಸವರುತ್ತ ನಿಂತ. ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ಬಂದು ಆಗಿತ್ತು. ಅವಳ ಕೂದಲಲ್ಲಿ ಬಸ್ಸಿನ ಧೂಳಿನ ವಾಸನೆಯಿತ್ತು.

ಕಾಫಿ ಕುಡಿದು ಮುಖ ತೊಳೆದ ಮೇಲೆ ಅವಳು ಹಿಂದಿನ ಅಂಗಳಕ್ಕೆ ಹೋಗಿ ಬೈಕಿನ ಸುತ್ತ ಒಂದು ಸುತ್ತು ಬಂದಳು.

"ಮದುವೆಗೆ ಮುಂಚೆ ಅಣ್ಣನ ಸ್ಕೂಟರ್ ಓಡಿಸ್ತಿದ್ದೆ. ಇದರ ಗೇರು ಎಡಗಾಲಲ್ಲಿ, ಅಷ್ಟೇ ತಾನೇ?"

"ನೀನಾ? ಈ ವಯಸ್ಸಲ್ಲಿ?"

"ಕಾಣದೇ ಓಡಿಸಿದವರು ಮಾತಾಡಬಾರದು."

ಆ ದಿನದಿಂದ ಭಾನುವಾರಗಳಲ್ಲಿ ಊರಾಚೆಯ ಬಯಲಿನಲ್ಲಿ ಅವರ ಪಾಠ. ಅವನು ಪಕ್ಕದಲ್ಲಿ ಓಡುತ್ತ ಕೂಗುತ್ತಿದ್ದ: "ಕ್ಲಚ್ ಮೆಲ್ಲಗೆ! ಮೆಲ್ಲಗೆ ಅಂದೆ!" ಬೈಕು ಕಪ್ಪೆಯ ಹಾಗೆ ಜಿಗಿದು ನಿಲ್ಲುತ್ತಿತ್ತು. ಅವಳು ಗಂಡನನ್ನು, ಗಾಡಿಯನ್ನು, ಗಾಡಿ ಮಾಡಿದವನನ್ನು ಒಟ್ಟಿಗೆ ಬಯ್ಯುತ್ತಿದ್ದಳು. ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ಮರುದಿನ ಹಾಸ್ಟೆಲಿನಲ್ಲಿ ಹುಡುಗಿಯರು ಕುಂಟುವ ವಾರ್ಡನ್ನನ್ನು ನೋಡಿ ಚಪ್ಪಾಳೆ ತಟ್ಟಿದರಂತೆ. ಲೈಸೆನ್ಸು ಬಂತು. ಹಾಸ್ಟೆಲಿನ ಮೇಲಿನವರೊಂದಿಗೆ ಜಗಳವಾಡಿ, ವಾರ ಬಿಟ್ಟು ವಾರ ಶನಿವಾರ ರಾತ್ರಿಗೆ ಬೇರೊಬ್ಬರನ್ನು ನೇಮಿಸಿಕೊಂಡಳು. ಬೈಕು ಬೆಟ್ಟದಾಚೆಗೆ ಹೋಯಿತು.

ಅವಳು ಒಬ್ಬಳೇ ಬೆಟ್ಟ ದಾಟಿ ಬರುವ ಮೊದಲ ಶನಿವಾರ ಚೌಕಟ್ಟು ಅಂಗಡಿ ಬೇಗ ಮುಚ್ಚಿದ. ಮೆಟ್ಟಿಲ ಮೇಲೆ ಕೂತ. ಎದ್ದ. ಮತ್ತೆ ಕೂತ. ಎದುರು ಬೀದಿಯಿಂದ ಕರೆಂಟು ಬಂದು ಪಕ್ಕದಲ್ಲಿ ಕೂತು ಏನೇನೋ ಹರಟಿದ. ಅವನ ಕಿವಿಗೆ ಒಂದೂ ಬೀಳಲಿಲ್ಲ. ಎರಡನೇ ತಿರುವಿನ ಮಣ್ಣು, ಲಾರಿಗಳು, ಮಂಜು ಎಲ್ಲ ಕಣ್ಣಮುಂದೆ ಬರುತ್ತಿತ್ತು. ಬೀದಿಗೆ ಕತ್ತಲೆ ಇಳಿದು, ಅವನ ಪಾಲಿಗೆ ಎದುರಿನ ಅಂಗಡಿಸಾಲು ಅಳಿಸಿಹೋಯಿತು. ವರ್ಷಗಟ್ಟಲೆ ಅವಳು ಆ ಗೇಟಿನಲ್ಲಿ ಹೀಗೆ ನಿಂತಿದ್ದಳಲ್ಲ ಎಂದು ಆಗ ಹೊಳೆಯಿತು. ತಾನು ಬರುವವನ ಸಂತೋಷವನ್ನಷ್ಟೇ ಉಂಡಿದ್ದ.

ಬೀದಿಯ ತಿರುವಿನಲ್ಲಿ ಬಿಳಿಯ ದೊಡ್ಡ ಬೆಳಕೊಂದು ಮೂಡಿತು. ಅವನಿಗೂ ಕಾಣುವಂಥ ಬೆಳಕು. ಅದು ಬಂದು ಮೆಟ್ಟಿಲ ಮುಂದೆ ನಿಂತಿತು. ಅವಳು ಹೆಲ್ಮೆಟ್ ತೆಗೆದವಳೇ ಕರೆಂಟಿನ ಕಡೆ ತಿರುಗಿದಳು.

"ಅಣ್ಣಾ, ಇದೇನು ದೀಪ ಹಾಕಿದೀರಿ? ಎದುರಿಗೆ ಬಂದವರೆಲ್ಲ ಲೈಟ್ ಹೊಡೆದು ಬಯ್ದುಕೊಂಡು ಹೋದರು. ಮಂಜಿನಲ್ಲಂತೂ ಬಿಳಿ ಗೋಡೆ, ಬಿಳಿ ಗೋಡೆ! ನಿಲ್ಲಿಸಿ ನಿಲ್ಲಿಸಿ ಬಂದೆ. ನನಗೆ ಇಷ್ಟೊಂದು ಬೆಳಕು ಬೇಡಪ್ಪ."

ಕರೆಂಟು ನಕ್ಕು ಗೆಳೆಯನ ಕಡೆ ಕೈ ತೋರಿಸಿದ. "ನನ್ನನ್ನಲ್ಲ, ಇವನನ್ನ ಕೇಳಮ್ಮ."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವನೇ ಕೂತು ಬಲ್ಬು ಬದಲಿಸಿದ. ಗೆಳೆಯನಿಂದ ತಂದದ್ದು ಸಾದಾ ಹಳದಿ ಬೆಳಕಿನ ಹಾಲೋಜನ್, ಹಳೆಯದಕ್ಕಿಂತ ಕೊಂಚವೇ ಜೋರು. ಪೈಲಟ್ ದೀಪಗಳನ್ನು ಹಾಗೇ ಬಿಟ್ಟ. ಹಗಲು ದೂರದಿಂದಲೇ ಗಾಡಿ ಎದುರಿನವರಿಗೆ ಕಾಣಲಿ ಎಂದುಕೊಂಡ. ಆಮೇಲೆ ಬೆಳಕಿನ ಎತ್ತರ ಹೊಂದಿಸಲು ಅಂಗಡಿ ಪಕ್ಕದ ಗೋದಾಮಿನೊಳಕ್ಕೆ ಬೈಕನ್ನು ತಳ್ಳಿ, ಕಿಟಕಿ ಬಾಗಿಲು ಮುಚ್ಚಿದರು. ಅಲ್ಲಿನ ಮಬ್ಬಿನಲ್ಲಿ ಗೋಡೆಯ ಗೆರೆ ಅವನಿಗೆ ಸರಿಯಾಗಿ ಕಾಣಲಿಲ್ಲ. ಅವಳನ್ನು ಸೀಟಿನ ಮೇಲೆ ಕೂರಿಸಿ, ತಾನು ಕೆಳಗೆ ಮಂಡಿಯೂರಿ ಸ್ಕ್ರೂ ಹಿಡಿದ.

"ಹೇಳು."

"ಸ್ವಲ್ಪ ಕೆಳಗೆ. ಇನ್ನೂ ಒಂಚೂರು. ಹಾಂ, ಸಾಕು. ಸಾಕು ಅಂದೆನಲ್ಲ!"

"ನಿನಗೆ ಚೆನ್ನಾಗಿ ಕಾಣುತ್ತಾ?"

"ಕಾಣುತ್ತೆ ರೀ."

ಅವನು ಸ್ಕ್ರೂ ಬಿಗಿಮಾಡಿ, ಹಿಂದಿನ ರಬ್ಬರ್ ಟೋಪಿಯ ಅಂಚನ್ನು ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿದ. ನೀರು ಹೋಗದಂತೆ ಇನ್ನೊಮ್ಮೆ ಒತ್ತಿದ.

ಮಧ್ಯಾಹ್ನ ಉಂಡು ಅವಳು ಹೊರಟಳು. ಇಷ್ಟು ಬೇಗ ಯಾಕೆ ಎಂದು ಅವನೂ ಕೇಳಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಇರಲೇ ಎಂದು ಅವಳೂ ಕೇಳಲಿಲ್ಲ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಅವನು ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿ, ದಾರಿ ನೋಡಿಕೊಂಡು ಬನ್ನಿ ಎಂದು ಅವಳು ಹೇಳಿದ್ದಳು. ಅವನು ತಲೆಯಾಡಿಸಿದ್ದ. ಬಸ್ಸಿನ ಕಿಟಕಿಯ ದಾರಿ ಬೇರೆ ಎಂದು ಅವಳಿಗೆ ಹೇಳಿ ಪ್ರಯೋಜನವಿರಲಿಲ್ಲ. ಬಹುಶಃ ಅವಳಿಗೆ ಈಗ ಗೊತ್ತಿತ್ತು ಕೂಡ. ಹೆಲ್ಮೆಟ್ ಹಾಕಿಕೊಳ್ಳುವಾಗ ಅವಳ ಮುಖದಲ್ಲಿ ದುಃಖದ ಜೊತೆಗೆ ಇನ್ನೇನೋ ಇತ್ತು, ಹೊರಡುವವರ ಮುಖದಲ್ಲಿ ಮಾತ್ರ ಇರುವಂಥದ್ದು. ಅವನಿಗೆ ಅದರ ಗುರುತಿತ್ತು.

ಬೈಕು ಬೀದಿ ತಿರುಗಿ ಮರೆಯಾಯಿತು. ಸದ್ದು ಮಾತ್ರ ಉಳಿಯಿತು. ಅವನು ಮೆಟ್ಟಿಲ ಮೇಲೆ ನಿಂತು ಕೇಳಿದ. ಒಂದನೇ ಗೇರು, ಎರಡನೆಯದು. ಮೂರನೆಯದಕ್ಕೆ ಅವಳು ಆತುರಪಟ್ಟಳು. ಇಂಜಿನ್ ಒಮ್ಮೆ ಗೊಣಗಿ ಸುಮ್ಮನಾಯಿತು. ಬೆಟ್ಟದ ದಾರಿಗೆ ಹೊರಳುವ ಹೊತ್ತಿಗೆ ಸದ್ದು ತೆಳುವಾಗಿ, ಊರಿನ ಬೇರೆ ಸದ್ದುಗಳೊಳಗೆ ಸೇರುತ್ತ ಬಂತು. ನಾಲ್ಕನೆಯ ಗೇರಿಗೆ ಈಗ, ಈಗ ಎಂದುಕೊಳ್ಳುತ್ತ ಅವನು ನಿಂತೇ ಇದ್ದ. ಮೆಟ್ಟಿಲ ಕಲ್ಲಿನ ಮೇಲೆ ಅವನ ಎಡಗಾಲಿನ ಹೆಬ್ಬೆರಳು ತಾನಾಗಿಯೇ ಮೇಲಕ್ಕೆದ್ದಿತು.